ತೊಳೆಯದ ತೋಳುಗಳು

ಅಡುಗೆಮನೆಯ ಮೇಜಿನ ಮೇಲೆ ಟೀ ಶರ್ಟನ್ನು ಹರವಿ, ಅಂಗೈಯಿಂದ ಸುಕ್ಕು ತೀಡಿ, ಸೈಮಿ ಕತ್ತರಿ ಹಿಡಿದಳು. ಮೊದಲು ಕತ್ತಿನ ದಪ್ಪ ಪಟ್ಟಿಯನ್ನು ಸುತ್ತಲೂ ಕತ್ತರಿಸಿ ತೆಗೆದಳು. ಆಮೇಲೆ ಎಡತೋಳು, ಬಲತೋಳು. ಕೆಳಗಿನ ಅಂಚು ತೆಗೆದು, ಎರಡೂ ಪಕ್ಕಗಳಲ್ಲಿ ಬೆರಳಗಲದ ಪಟ್ಟಿಗಳನ್ನು ಸೀಳಿ, ಮುಂದಿನದಕ್ಕೆ ಹಿಂದಿನದನ್ನು ಸೇರಿಸಿ ಗಂಟು ಹಾಕುತ್ತ ಬಂದಳು. ಈ ಬಟ್ಟೆಗೆ ಸೂಜಿ ಬೇಡ. ಕತ್ತರಿಸಿದ ಅಂಚನ್ನು ಹಿಡಿದು ಒಮ್ಮೆ ಜಗ್ಗಿದರೆ ಅದು ತಾನೇ ಸುರುಳಿ ಸುತ್ತಿಕೊಳ್ಳುತ್ತದೆ, ಎಳೆ ಬಿಚ್ಚಿಕೊಳ್ಳುವುದಿಲ್ಲ. ಒಂದೊಂದು ಗಂಟಿಗೂ ಅಣ್ಣನ ಅಗಲದ ಅಂಗಿ ಅವಳ ಮೈಯಳತೆಗೆ ಕಿರಿದಾಗುತ್ತಿತ್ತು.

ಮೇಜಿನ ಆಚೆ ತುದಿಯಲ್ಲಿ ಲೆಂಪಿ ಅಜ್ಜಿ ಹಳೆಯ ಕಿಟಕಿ ಪರದೆಯೊಂದನ್ನು ಉದ್ದುದ್ದ ಪಟ್ಟಿ ಮಾಡಿ ಉಂಡೆ ಸುತ್ತುತ್ತಿದ್ದಳು. ಆ ಮನೆಯಲ್ಲಿ ಹರಿದದ್ದು, ಚಿಕ್ಕದಾದದ್ದು, ಸತ್ತವರದು, ಬೆಳೆದವರದು, ಎಲ್ಲ ಬಟ್ಟೆಯೂ ಕೊನೆಗೆ ಪಟ್ಟಿಯಾಗಿ, ಪಟ್ಟಿ ಉಂಡೆಯಾಗಿ, ಉಂಡೆ ಮಗ್ಗಕ್ಕೇರಿ ನೆಲದ ಜಮಖಾನೆಯಾಗುತ್ತಿತ್ತು. ಭಾನುವಾರದ ಬೆಳಿಗ್ಗೆ ಎರಡನೆಯ ಲೋಟ ಕಾಫಿ ಇಳಿಯುವತನಕ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಕತ್ತರಿಗಳೆರಡೂ ಕಚಕ್ ಕಚಕ್ ಎನ್ನುತ್ತಿದ್ದವು, ಅಷ್ಟೆ. ಆದರೆ ಸೈಮಿಯ ಕಿವಿ ಕತ್ತರಿಯ ಮೇಲಿರಲಿಲ್ಲ. ಅಂಗಳದಾಚೆ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಪಕ್ಕದ ಕೋಣೆಯ ಬಾಗಿಲು ಕಿರುಗುಟ್ಟುವುದನ್ನು ಅದು ಕಾಯುತ್ತಿತ್ತು. ಅಣ್ಣ ಯಾಲ್ಮಾರಿ ಅಲ್ಲಿ ಮಲಗುತ್ತಿದ್ದ. ಇಷ್ಟು ಹೊತ್ತಿಗೆ ಕಾಫಿಗೆ ಬರಬೇಕಿತ್ತು.

ಟೀ ಶರ್ಟನ್ನು ಅವನು ಕೊಟ್ಟದ್ದು ನಿನ್ನೆ ಸಂಜೆ, ಸೌನಾಕ್ಕೆ ಹೋಗುವ ಮುಂಚೆ. ಶನಿವಾರವೆಂದರೆ ಅಜ್ಜಿಯ ದಿನ. ಮನೆಯಲ್ಲಿರುವ ಮೈಬಟ್ಟೆ, ಟವೆಲು, ಕಾಲುಚೀಲ, ಒಂದೂ ಬಿಡದೆ ಕುದಿಯುವ ಹಂಡೆಗೆ ಹೋಗಬೇಕು. ಆಮೇಲೆ ಜನ ಸೌನಾಕ್ಕೆ ಹೋಗಬೇಕು. ಹೊರಗೆ ಬಂದಾಗ ಒಗೆದ ಬಟ್ಟೆ ಹಾಕಿಕೊಂಡು ಹೊಸ ಮನುಷ್ಯರಾಗಿರಬೇಕು. ಯಾಲ್ಮಾರಿ ಎಲ್ಲವನ್ನೂ ಹಂಡೆಗೆ ಹಾಕಿ, ಕೊನೆಗೆ ಮೈಮೇಲಿದ್ದ ಬೂದುಬಣ್ಣದ ಅಂಗಿಯನ್ನು ತಲೆಯ ಮೇಲಿಂದ ಎಳೆದು ತಂಗಿಯ ಕೈಗೆಸೆದ. ಎದೆಯ ಮೇಲೆ ಮಾಸಿದ ಲಂಗರಿನ ಚಿತ್ರವಿದ್ದ ಅಂಗಿ. ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸಕ್ಕೆ ಸೇರಿದಾಗಿನಿಂದ ಅವನ ಮೈ ಬಿಟ್ಟಿರಲಿಲ್ಲ. ಹುಡುಗಿಯಾಗಿದ್ದಾಗಿಂದ ಸೈಮಿ ಅದನ್ನು ಕೇಳಿದ್ದಳು, ಅವನು ಕೊಟ್ಟಿರಲಿಲ್ಲ.

"ತಗೋ, ಕತ್ತರಿಸ್ಕೋ, ಏನ್ ಬೇಕಾದ್ರೂ ಮಾಡ್ಕೋ," ಅಂದಿದ್ದ. "ನನಗಿನ್ನು ಬೇಡ."

ಅದನ್ನು ಹಂಡೆಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಕಬ್ಬಿಣದ, ಬೆವರಿನ, ಹೊಗೆಯ ವಾಸನೆಯೆಲ್ಲ ಕುದಿದು ಹೋಗಿಬಿಟ್ಟರೆ ಅದು ಯಾರದೋ ಅಂಗಿಯಾಗಿಬಿಡುತ್ತದೆ ಅನ್ನಿಸಿ, ದಿಂಬಿನ ಕೆಳಗೆ ಬಚ್ಚಿಟ್ಟಿದ್ದಳು. ಈಗ ಅಜ್ಜಿಯ ಕಣ್ಣೆದುರಿಗೇ ಕತ್ತರಿಸುತ್ತಿದ್ದಳು. ತೊಳೆಯದ ಬಟ್ಟೆಗೆ ಕತ್ತರಿ ತಾಗಿಸಬಾರದೆಂಬುದು ಆ ಮನೆಯ ಕಟ್ಟು. ತೊಳೆದಿಲ್ಲವೆಂದು ಯಾರೂ ಕೇಳದಿದ್ದರೆ ತಾನೂ ಹೇಳುವುದಿಲ್ಲ ಎಂದುಕೊಂಡಿದ್ದಳು.

ಅಜ್ಜಿ ಕೇಳಲಿಲ್ಲ. ಕೈ ಚಾಚಿ ಕತ್ತರಿಸಿ ಬಿದ್ದಿದ್ದ ತೋಳುಗಳನ್ನೂ ಕತ್ತಿನ ಪಟ್ಟಿಯನ್ನೂ ತನ್ನತ್ತ ಎಳೆದುಕೊಂಡಳು. ತೋಳನ್ನು ಸೇಬಿನ ಸಿಪ್ಪೆ ತೆಗೆದ ಹಾಗೆ ಸುತ್ತಿ ಸುತ್ತಿ ಕತ್ತರಿಸಿದರೆ ಒಂದೇ ಉದ್ದ ಪಟ್ಟಿ. ಅದರ ತುದಿಯಲ್ಲೊಂದು ಸೀಳು, ಹಿಂದಿನ ಪಟ್ಟಿಯ ತುದಿಯಲ್ಲೊಂದು ಸೀಳು, ಒಂದರೊಳಗೊಂದು ತೂರಿಸಿ ಎಳೆದರೆ ಬಿಡಿಸಲಾಗದ ಕೊಂಡಿ. ಪರದೆಯ ಪಟ್ಟಿಯ ಹಿಂದೆಯೇ ಅಣ್ಣನ ತೋಳುಗಳು ಉಂಡೆ ಸೇರಿದವು. ಅವುಗಳ ಮೇಲೆ ಇನ್ನೇನೋ ನೀಲಿ. ಉಂಡೆ ಬುಟ್ಟಿಗೆ ಬಿತ್ತು. ಎರಡನೆಯ ಲೋಟ ಕಾಫಿ ಮುಗಿಸಿದ ಮೇಲೆ ಅಜ್ಜಿ ಮೊಮ್ಮಗಳ ಕೆಲಸ ನೋಡಲೆಂದು ಅಂಗಿಯನ್ನೆತ್ತಿ ಬೆಳಕಿಗೆ ಹಿಡಿದಳು. ಮೂಗು ಸೊಟ್ಟಗಾಯಿತು.

"ಇದೇನೇ, ಎಣ್ಣೆ ಡಬ್ಬದಲ್ಲಿ ಅದ್ದಿ ತೆಗೆದ ಹಾಗಿದೆ," ಅಂದಳು. "ಹೋಗು, ಈಗಲೇ ತೊಳಿ. ನಮ್ಮನೇಲಿ ಹಂದಿ ಸಾಕಿಲ್ಲ."

ಸೈಮಿ ತೋಳುಗಳ ವಿಷಯ ಬಾಯಿಬಿಡಲಿಲ್ಲ. ಹೇಳಿದರೆ ಇಡೀ ಉಂಡೆ ಬಿಚ್ಚಿಸುತ್ತಿದ್ದಳು. ಅಂಗಿಯನ್ನು ಮುದುರಿಕೊಂಡು ಅಂಗಳ ದಾಟಿದಳು.

ಒಗೆಯುವ ಕೋಣೆಯಲ್ಲಿ ಹಂಡೆಯ ನೀರು ಆಗಲೇ ಬಿಸಿಯಾಗಿತ್ತು. ಅದರಲ್ಲಿ ಹಾಸಿಗೆಯ ಚಾದರ, ದಿಂಬಿನ ಚೀಲ, ನಿನ್ನೆ ಸೌನಾದಿಂದ ಬಂದು ಉಟ್ಟಿದ್ದ ಬಟ್ಟೆ, ಎಲ್ಲವನ್ನೂ ಯಾಲ್ಮಾರಿ ತಾನೇ ನೆನೆಹಾಕಿದ್ದ. ಪಾಪ, ಅಜ್ಜಿಗೆ ಕೆಲಸ ಉಳಿಸಿದ್ದಾನೆ ಅಂದುಕೊಂಡಳು. ದೇವದಾರಿನ ಸಾಬೂನು ಹಚ್ಚಿ ಅಂಗಿಯನ್ನು ಎರಡು ಸಲ ಉಜ್ಜಿದಳು. ಮೂರನೆಯ ಸಲ ಹಿಂಡುವಾಗ ಅವಳ ಕೈ ನಿಂತಿತು. ತೆರೆದಿದ್ದ ಬಾಗಿಲಲ್ಲಿ ಅವನ ಕೋಣೆ ಕಾಣುತ್ತಿತ್ತು. ನೆಲ ಒರೆಸಿತ್ತು. ಬೆಂಚು ಬೋಳಾಗಿತ್ತು. ಮೂಲೆಯ ಗೂಟದಲ್ಲಿ ಏನೂ ಇರಲಿಲ್ಲ. ಇನ್ನೊಬ್ಬರಿಗೆ ಬಿಟ್ಟುಕೊಡುವ ಕೋಣೆಯನ್ನು ಮಾತ್ರ ಜನ ಹೀಗೆ ಗುಡಿಸಿಡುತ್ತಾರೆ.

ಅಂಗಿಯನ್ನು ಅಂಗಳದ ಹಗ್ಗದ ಮೇಲೆಸೆದು, ಒದ್ದೆ ಕೈಯಲ್ಲೇ ಕಟ್ಟಿಗೆ ಕೊಟ್ಟಿಗೆಗೆ ಓಡಿದಳು. ಮಂಜುಗಡ್ಡೆ ಕೊರೆಯುವ ಸಲಾಕೆ ಗೋಡೆಯಲ್ಲೇ ತೂಗುತ್ತಿತ್ತು. ಮೀನಿನ ಡಬ್ಬಿ ಅದರ ಕೆಳಗಿತ್ತು. ಹಾಗಾದರೆ ಅವನು ಸರೋವರಕ್ಕೆ ಮೀನಿಗೆ ಹೋಗಿಲ್ಲ. ಸುತ್ತಲೂ ಸೂರು ಮುಟ್ಟುವ ಹಾಗೆ ಕಟ್ಟಿಗೆ ಪೇರಿಸಿತ್ತು. ಊರಿಗೆ ಬಂದಾಗಿನಿಂದ ಅವನು ಮಾಡಿದ್ದು ಇದೊಂದೇ ಕೆಲಸ. ಮುಂದಿನ ಚಳಿಗಾಲಕ್ಕೂ ಆಗುತ್ತಲ್ಲೋ, ಇಷ್ಟೊಂದು ಯಾಕೆ ಎಂದು ಅಜ್ಜಿ ಕೇಳಿದ್ದಕ್ಕೆ, ನೀವಿಬ್ಬರೇ ಇರ್ತೀರಲ್ಲ ಅಂದಿದ್ದ. ಅಜ್ಜಿ ಅದನ್ನು ಕೆಲಸಕ್ಕೆ ಮರಳಿ ಹೋಗುವ ಮಾತು ಎಂದುಕೊಂಡಿದ್ದಳು. ಹಡಗುಕಟ್ಟೆಯ ಕೆಲಸ ಮುಗೀತು ಎಂದು ಅವನು ಹೇಳಿದ್ದನ್ನು, ಹೇಳುವಾಗ ಕಿಟಕಿಯ ಕಡೆ ತಿರುಗಿದ್ದನ್ನು, ನಿನ್ನೆ ಊಟದಲ್ಲಿ ಅಜ್ಜಿಯ ತಮಾಷೆ ಮುಗಿಯುವ ಮುಂಚೆಯೇ ನಕ್ಕಿದ್ದನ್ನು ಗಮನಿಸಿದವಳು ಸೈಮಿ ಒಬ್ಬಳೇ. ನೋಡಿ ಸುಮ್ಮನಿದ್ದಳು. ಹೇಳುವುದಕ್ಕೆ ಏನಿತ್ತು? ಅಂಗಿ ಕೊಟ್ಟ ಎಂದೇ?

ಅವನ ಫೋನಿಗೆ ಕರೆ ಮಾಡಿ ನೋಡಿದಳು, ಅದು ಆಫ್ ಆಗಿತ್ತು. ಅಡುಗೆಮನೆಗೆ ಬಂದು, ಅಣ್ಣ ಹೋಗಿಬಿಟ್ಟಿದ್ದಾನೆ ಅಂದಳು. ಎಲ್ಲಿಗೆ ಎಂದು ಅಜ್ಜಿ ಕೇಳಿದಳು. ಕೋಣೆ ಗುಡಿಸಿದ್ದಾನೆ, ಚಾದರ ನೆನೆಹಾಕಿದ್ದಾನೆ, ಫೋನು ಆಫ್ ಆಗಿದೆ ಎಂದು ಸೈಮಿ ತಡವರಿಸಿದಳು.

"ಗಂಡಸು ನೆಲ ಒರೆಸಿದ್ರೆ ನಾವು ದೇವರಿಗೆ ಕೈ ಮುಗೀಬೇಕು, ನೀನು ಅಳ್ತೀಯಲ್ಲೇ," ಅಂದಳು ಅಜ್ಜಿ. "ನೀನು ನೋಡೋದು ಜಾಸ್ತಿ, ಮಾತಾಡೋದು ಕಮ್ಮಿ. ಅದಕ್ಕೇ ತಲೆಯೊಳಗೆ ಇಲ್ಲದ್ದೆಲ್ಲ ಹುಟ್ಟಿಕೊಳ್ತದೆ. ಸ್ಕೀ ತಗೊಂಡು ಸುತ್ತಾಡೋಕೆ ಹೋಗಿರ್ತಾನೆ, ಬಿಡು."

"ಸ್ಕೀ ಇಲ್ಲೇ ಇದಾವೆ, ಅಜ್ಜಿ."

ಅಜ್ಜಿಯ ಕೈಯಲ್ಲಿದ್ದ ಕತ್ತರಿ ಮೆಲ್ಲಗೆ ಮೇಜಿನ ಮೇಲೆ ಕೂತಿತು. ಅವಳು ಕಿಟಕಿಯತ್ತ ನೋಡಿದಳು. ಹೊರಗೆ ಗಾಳಿ ಎದ್ದು, ಒಣ ಹಿಮವನ್ನು ಸರೋವರದ ಮೇಲಿಂದ ಅಂಗಳಕ್ಕೆ ಹೊತ್ತು ತರುತ್ತಿತ್ತು. ಬೆಳಿಗ್ಗೆ ಹೆಜ್ಜೆಗಳಿದ್ದರೂ ಈಗ ಇರುವಂತಿರಲಿಲ್ಲ.

ಸೈಮಿ ಶಾಲೆ ಬಿಟ್ಟದ್ದು ಓದು ಬಾರದೆಂದಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು, ನಗುವವರು ನಗುತ್ತಿದ್ದರು, ಒಂದು ಶರತ್ಕಾಲ ಅವಳು ಬಸ್ಸು ಹತ್ತಲೇ ಇಲ್ಲ. ಇವತ್ತಿಗೂ ಫೋನು ಮೊಳಗಿದರೆ ಅಜ್ಜಿ ಎತ್ತಲಿ ಎಂದು ಕೋಣೆ ಬಿಟ್ಟು ಹೋಗುವವಳು. ಅವಳೇ ಈಗ ತುರ್ತು ಸಂಖ್ಯೆ ಒತ್ತಿದಳು. ಗುರುತಿಲ್ಲದ ಹೆಂಗಸಿನ ಧ್ವನಿ ಏನಾಯಿತೆಂದು ಕೇಳಿದಾಗ ಮೊದಲ ಸಲ ಬಾಯಿಂದ ಗಾಳಿ ಮಾತ್ರ ಬಂತು. ಎರಡನೆಯ ಸಲ, ನನ್ನ ಅಣ್ಣ ಸಾಯೋಕೆ ಹೋಗಿದಾನೆ ಅನ್ಸತ್ತೆ ಅಂದಳು. ಆ ಮಾತು ಅಡುಗೆಮನೆಯಲ್ಲಿ ಬಿದ್ದ ಮೇಲೆ ಅಜ್ಜಿ ಕುರ್ಚಿಯ ಬೆನ್ನು ಹಿಡಿದು ನಿಂತವಳು ಕೂರಲಿಲ್ಲ.

ಪೊಲೀಸರು ಪೇಟೆಯಿಂದ ಬರಬೇಕಿತ್ತು. ದಾರಿ ಉದ್ದ, ರಸ್ತೆಗೆ ಹಿಮ ತೂರಿತ್ತು. ಅವರಿಗಿಂತ ಮೊದಲು ಪಕ್ಕದ ಹಳ್ಳಿಯ ಟೂಲಿಕ್ಕಿ ಬಂದಳು. ಕಳೆದುಹೋದವರನ್ನು ಹುಡುಕುವ ನಾಯಿ ಅವಳದು. ಸಂಬಳವಿಲ್ಲದ ಕೆಲಸ, ಕರೆ ಬಂದರೆ ಒಲೆಯ ಮೇಲಿನ ಪಾತ್ರೆ ಇಳಿಸಿ ಹೊರಡುತ್ತಿದ್ದಳು. ಹಿಪ್ಪು ಎಂಬ ಕಪ್ಪು ನಾಯಿ ಕಾರಿನಿಂದಿಳಿದು ಅಂಗಳವನ್ನೆಲ್ಲ ಒಮ್ಮೆ ಮೂಸಿ ಕುಳಿತಿತು. ಟೂಲಿಕ್ಕಿ ಹೆಚ್ಚು ಮಾತು ಕೇಳಲಿಲ್ಲ. ಹುಡುಗ ಯಾವ ಬೂಟಿನಲ್ಲಿ ಹೋದ, ಕೋಟು ಇದೆಯೇ ಎಂದು ಕೇಳಿದಳು. ಬೂಟು ಹಾಕಿದ್ದ, ಕೋಟು ಬಾಗಿಲ ಹಿಂದೆಯೇ ಇತ್ತು. ತಾತನ ಕಾಲದ ಕೋಟು. ಹೊರಗೆ ಕಾಲಿಡುವವರೆಲ್ಲ ಹಾಕುವಂಥದು. ಟೂಲಿಕ್ಕಿಯ ಮುಖ ಬಿಗಿಯಿತು. ಕೋಟಿಲ್ಲದೆ ಹೋದವನಿಗೆ ಈ ಗಾಳಿಯಲ್ಲಿ ಎಷ್ಟು ಹೊತ್ತು ಉಳಿದಿದೆ ಎಂದು ಅವಳು ಹೇಳಲಿಲ್ಲ.

"ಅವನೊಬ್ಬನೇ ಮುಟ್ಟಿದ ಬಟ್ಟೆ ಒಂದು ಕೊಡಿ," ಅಂದಳು. "ತೊಳೆದಿರಬಾರದು."

ಅಜ್ಜಿ ಮನೆಯೊಳಗೆ ಹೋದಳು. ಸೈಮಿ ಸೌನಾಕ್ಕೆ ಹೋದಳು. ಕಾಲುಚೀಲಗಳು ಬಿಳಿಯಾಗಿ ಹಗ್ಗದ ಮೇಲಿದ್ದವು. ಒಳಬಟ್ಟೆ ಮಡಚಿ ಕಪಾಟಿನಲ್ಲಿತ್ತು. ಚಾದರ ಹಂಡೆಯಲ್ಲಿತ್ತು. ಹಾಸಿಗೆಯ ಮೇಲೆ ಬೇಸಿಗೆಯಲ್ಲಿ ಬರುವ ನೆಂಟರಿಷ್ಟರೆಲ್ಲ ಮಲಗಿದ್ದರು. ಟೊಪ್ಪಿಗೆ ಯಾರ ಕೈಗೆ ಸಿಕ್ಕರೆ ಅವರದು. ಬಾಚಣಿಗೆ ಮೂವರಿಗೂ ಒಂದೇ. ಅವನು ಬರುವಾಗ ತಂದಿದ್ದ ಪ್ಲಾಸ್ಟಿಕ್ ಚೀಲಕ್ಕೆ ಅಜ್ಜಿ ಕಸ ತುಂಬಿ ಸುಟ್ಟಿದ್ದಳು. ಒಂದೊಂದನ್ನು ತಂದಂತೆಯೂ ಟೂಲಿಕ್ಕಿ ಬೇಡವೆಂದು ತಲೆಯಾಡಿಸುತ್ತಿದ್ದಳು. ಈ ಕೋಟು ಕೊಟ್ಟರೆ ನಾಯಿಗೆ ಸತ್ತ ತಾತನೂ ಬೇಸಿಗೆಯ ನೆಂಟರೂ ಸಿಗುತ್ತಾರೆ, ಅದು ಯಾರನ್ನು ಹುಡುಕಬೇಕು ಅಂದಳು.

"ಇಡೀ ಮನೇಲಿ ಒಂದೇ ಒಂದು ಕೊಳೆಬಟ್ಟೆ ಇಲ್ವಾ, ಲೆಂಪಿ?"

ಬೇರೆ ಯಾವ ದಿನವಾದರೂ ಈ ಮಾತು ಕೇಳಿದ್ದರೆ ಅಜ್ಜಿಯ ಎದೆ ಉಬ್ಬುತ್ತಿತ್ತು. ಗಂಡ ತೀರಿಕೊಂಡಾಗ, ಮಗ ಸೊಸೆ ಬೇರೆ ಬೇರೆ ದಾರಿ ಹಿಡಿದು ಎರಡು ಮಕ್ಕಳನ್ನು ಇವಳ ಮಡಿಲಿಗೆ ಹಾಕಿದಾಗ, ಅವಳು ಮಾಡಿದ್ದು ತೊಳೆಯುವುದೊಂದೇ. ಬಡವರು ಅನ್ನಲಿ, ಗಲೀಜು ಅನ್ನಬಾರದು ಎಂದು ಕೈ ಬಿರಿಯುವ ಹಾಗೆ ತೊಳೆದಿದ್ದಳು. ಈಗ ಅವಳು ಅಂಗಳದ ನಡುವೆ ಒಗೆದ ಬಟ್ಟೆಯ ಹಗ್ಗದ ಕೆಳಗೆ ನಿಂತು, ಎಲ್ಲಾ ತೊಳೆದುಬಿಟ್ಟೆ, ಎಲ್ಲಾ ತೊಳೆದುಬಿಟ್ಟೆ ಎಂದು ತನ್ನಷ್ಟಕ್ಕೆ ಅನ್ನತೊಡಗಿದಳು.

ಸೈಮಿಯ ಕಣ್ಣಿಗೆ ಹಗ್ಗದ ತುದಿಯಲ್ಲಿ ಆಗಲೇ ಹೆಪ್ಪುಗಟ್ಟಿ ಹಲಗೆಯಂತಾಗಿದ್ದ ಬೂದು ಅಂಗಿ ಬಿತ್ತು. ತಾನೇ ಉಜ್ಜಿ ಉಜ್ಜಿ ಅಣ್ಣನನ್ನು ಅದರಿಂದ ತೆಗೆದುಹಾಕಿದ್ದಳು. ಮರುಕ್ಷಣ ತೋಳು ನೆನಪಾಯಿತು.

"ತೋಳು ತೊಳೆದಿಲ್ಲ," ಅಂದಳು. ಧ್ವನಿ ತೀರ ಸಣ್ಣಗಿತ್ತು. ಗಾಳಿಗೆ ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದಳು. "ಅಜ್ಜಿ, ಆ ತೋಳು ತೊಳೆದದ್ದಲ್ಲ. ನಾನು ಹೇಳ್ಲಿಲ್ಲ. ಉಂಡೇಲಿದೆ."

ಅಜ್ಜಿ ಬೈಯಲಿಲ್ಲ. ಅವಳು ಓಡಿದ್ದನ್ನು ಸೈಮಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಬುಟ್ಟಿ ನೆಲಕ್ಕೆ ಮಗುಚಿತು. ಚಳಿಗಾಲವಿಡೀ ಸುತ್ತಿದ ಉಂಡೆಗಳು ಒಲೆಯ ಕಡೆಗೂ ಬಾಗಿಲ ಕಡೆಗೂ ಉರುಳಿದವು. ಯಾವುದರ ಮೇಲೂ ಬೂದುಬಣ್ಣ ಕಾಣುತ್ತಿರಲಿಲ್ಲ, ಅದು ಒಳಪದರದಲ್ಲಿತ್ತು. ನೀಲಿ ಮೇಲಿದ್ದ ಉಂಡೆಗಳನ್ನು ಅಜ್ಜಿ ಒಂದೊಂದಾಗಿ ಹಿಡಿದು ತುದಿ ಎಳೆದಳು. ಮೊದಲನೆಯದರಲ್ಲಿ ನೀಲಿಯ ಕೆಳಗೆ ತಾತನ ಪಟ್ಟೆ ಅಂಗಿ ಬಂತು. ಎರಡನೆಯದರಲ್ಲಿ ಹಸಿರು. ಬಿಚ್ಚಿದ ಪಟ್ಟಿಗಳು ಮೊಣಕಾಲಿಗೆ ಸುತ್ತಿಕೊಂಡವು. ಮುಟ್ಟಬೇಡಿ, ಬೂದುಬಣ್ಣ ಕಂಡ ಕೂಡಲೇ ಕೈ ತೆಗೀರಿ ಎಂದು ಟೂಲಿಕ್ಕಿ ಬಾಗಿಲಲ್ಲಿ ನಿಂತು ಹೇಳುತ್ತಲೇ ಇದ್ದಳು. ಮೂರನೆಯ ಉಂಡೆಯಲ್ಲಿ ನೀಲಿಯ ಕೊಂಡಿ ಕಳಚಿತು, ಅದರ ಹಿಂದೆ ಬೂದುಬಣ್ಣ ಇಣುಕಿತು.

ಟೂಲಿಕ್ಕಿ ಅದನ್ನು ಇಕ್ಕಳದಿಂದ ಎತ್ತಿ ಗಾಜಿನ ಡಬ್ಬಿಗೆ ಇಳಿಸಿದಳು. ಇದನ್ನು ಯಾರ್‍ಯಾರು ಮುಟ್ಟಿದ್ದೀರಿ ಎಂದು ಕೇಳಿದಳು. ಇಬ್ಬರೂ ಎಂದರು. ಇದೂ ಕೆಟ್ಟಿತು ಎಂದುಕೊಂಡಳು ಸೈಮಿ. ಆದರೆ ಟೂಲಿಕ್ಕಿ ಇಬ್ಬರನ್ನೂ ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿದಳು.

"ಕೈ ಮುಂದೆ ಮಾಡಿ, ಮೂಸಲಿ," ಅಂದಳು. "ಇಲ್ಲಿರೋರನ್ನೆಲ್ಲ ಅದು ಲೆಕ್ಕದಿಂದ ತೆಗೆದುಹಾಕತ್ತೆ. ಆ ಬಟ್ಟೇಲಿದ್ದು ಇಲ್ಲಿ ಇಲ್ಲದವನು ಯಾರೋ, ಅವನ ಹಿಂದೆ ಹೋಗತ್ತೆ."

ಹಿಪ್ಪು ಅಜ್ಜಿಯ ಬಿರಿದ ಅಂಗೈಯನ್ನು ಮೂಸಿತು, ಸೆರಗಂಚಿನ ಹಾಗೆ ಜೋತಿದ್ದ ಅಡುಗೆಯ ಏಪ್ರನ್ನನ್ನು ಮೂಸಿತು. ಸೈಮಿಯ ಬೆರಳುಗಳನ್ನು ಒಂದೊಂದಾಗಿ ನೋಡಿತು. ಆಮೇಲೆ ಡಬ್ಬಿಯೊಳಗೆ ಮೂಗು ತೂರಿಸಿ ಬಹಳ ಹೊತ್ತು ಹಾಗೇ ಇತ್ತು. ತಲೆ ಎತ್ತಿತು. ಮತ್ತೊಮ್ಮೆ ಇಬ್ಬರ ಸುತ್ತ ಬಂದು, ಇವರಲ್ಲ ಎಂಬಂತೆ ಪಕ್ಕಕ್ಕೆ ಸರಿದು, ಹಿಮಕ್ಕೆ ಮೂಗು ಹಚ್ಚಿತು.

ಸರೋವರದ ಕಡೆಗೇ ಹೋಗುತ್ತದೆಂದು ಸೈಮಿ ಹೆದರಿದ್ದಳು. ಹೊಳೆ ಬಂದು ಸೇರುವಲ್ಲಿ ಮಂಜುಗಡ್ಡೆ ತೆಳ್ಳಗಿರುತ್ತಿತ್ತು, ಅದು ಯಾಲ್ಮಾರಿಗೂ ಗೊತ್ತಿತ್ತು. ನಾಯಿ ಅಂಗಳದ ಅಂಚಿನಲ್ಲಿ ಆ ಕಡೆಗೇ ಒಂದಷ್ಟು ದೂರ ನಡೆಯಿತು. ಅಜ್ಜಿಯ ಬಾಯಿಂದ ಸಣ್ಣ ನರಳಿಕೆ ಹೊರಟಿತು. ಆಮೇಲೆ ಅದು ಬಲಕ್ಕೆ ಹೊರಳಿ, ಆಲೂಗೆಡ್ಡೆ ಇಡುವ ನೆಲಮಾಳಿಗೆಯ ಹಿಂದಿನಿಂದ ಕಾಡಿಗೆ ನುಗ್ಗಿತು. ನಾಯಿಯ ಹಗ್ಗ ಬಿಗಿದು ಟೂಲಿಕ್ಕಿ ಹಿಂದೆ ಓಡಿದಳು. ಅಜ್ಜಿ ಬಾವಿಯತನಕ ಬಂದಳು. ಅಲ್ಲಿಂದ ಮುಂದೆ ಹಿಮ ಅವಳ ಮೊಣಕಾಲು ಮೀರುತ್ತಿತ್ತು.

"ಕೋಟು ತಗೊಂಡು ಹೋಗೆ," ಎಂದು ಕೂಗಿದಳು. "ಅವನಿಗೆ ಹೊದಿಸು. ಬೈಬೇಡ. ಅಜ್ಜಿ ಬೈಯಲ್ಲ ಅಂತ ಹೇಳು."

ಸೈಮಿ ತಾತನ ಕೋಟನ್ನು ಎದೆಗವಚಿಕೊಂಡು ನಡೆದಳು. ಹಿಮದ ಮೇಲ್ಪದರ ಒಂದು ಹೆಜ್ಜೆಗೆ ತಾಳುತ್ತಿತ್ತು, ಮುಂದಿನ ಹೆಜ್ಜೆಗೆ ಮುರಿದು ತೊಡೆಯವರೆಗೆ ನುಂಗುತ್ತಿತ್ತು. ನಾಯಿ ಎರಡು ಕಡೆ ತಪ್ಪಿತು. ಒಂದು ಬೋಳು ದಿಬ್ಬದ ಮೇಲೆ ಗಾಳಿ ಎಲ್ಲವನ್ನೂ ಒರೆಸಿಹಾಕಿತ್ತು. ಅಲ್ಲಿ ಅದು ಸುತ್ತು ಹಾಕಿತು, ಮತ್ತೆ ಸುತ್ತು ಹಾಕಿತು, ನಿಂತು ಟೂಲಿಕ್ಕಿಯ ಮುಖ ನೋಡಿತು. ಟೂಲಿಕ್ಕಿ ಡಬ್ಬಿ ತೆರೆದು ತೋರಿಸಿದಳು. ಆ ಹೊತ್ತಿನಲ್ಲಿ ಸೈಮಿ ಯಾರನ್ನೂ ಬೇಡಿಕೊಳ್ಳಲಿಲ್ಲ, ದೇವರ ಹೆಸರೂ ಬರಲಿಲ್ಲ. ಪೈನ್ ಮರದ ಬುಡದಲ್ಲಿ ಗಾಳಿ ತಾಗದ ಒಂದು ಕುಳಿಯಲ್ಲಿ ಬೂಟಿನ ಗುರುತೊಂದು ಅವಳ ಕಣ್ಣಿಗೆ ಬಿದ್ದಿತು, ಅಷ್ಟೆ. ಬೆರಳು ತೋರಿಸಿದಳು. ನಾಯಿ ಅಲ್ಲಿಗೆ ಹೋಗಿ ಮೂಸಿ, ಬಾಲವೆತ್ತಿ ಮುಂದಕ್ಕೆ ಎಳೆಯಿತು.

ಹೆಜ್ಜೆ ಹೋದದ್ದು ಸರೋವರದೊಳಕ್ಕೆ ಚಾಚಿದ ನೆಲದ ತುದಿಗೆ. ಅಲ್ಲಿ ಬಲೆ ಇಡುವ ಹಳೆಯ ಮರದ ದಿಮ್ಮಿಗಳ ಮನೆಯೊಂದಿತ್ತು. ಚಳಿಗಾಲದಲ್ಲಿ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಕಿಟಕಿಗೆ ಹಲಗೆ ಬಡಿದಿತ್ತು. ಸೂರಿನ ಹೊಗೆಕೊಳವೆಯಲ್ಲಿ ಹೊಗೆಯಿರಲಿಲ್ಲ. ಮರೆಯಲ್ಲಿದ್ದ ಬಾಗಿಲ ಮುಂದೆ ಹಿಮ ಕದಡಿತ್ತು. ಬೂಟಿನ ಗುರುತುಗಳು ಒಳಕ್ಕೆ ಹೋಗಿದ್ದವು. ಹೊರಕ್ಕೆ ಒಂದೂ ಇರಲಿಲ್ಲ. ಹಿಪ್ಪು ಹೊಸ್ತಿಲ ಸಂದಿಗೆ ಮೂಗಿಟ್ಟು, ಮಲಗಿಕೊಂಡು, ಒಂದೇ ಸಲ ಬೊಗಳಿತು.

ಟೂಲಿಕ್ಕಿ ಬಾಗಿಲು ತಳ್ಳಿದಳು, ಹೆಗಲು ಕೊಟ್ಟಳು, ಕಾಲಿನಿಂದ ಒದ್ದಳು. ಒಳಗಿನಿಂದ ಚಿಲಕ ಹಾಕಿತ್ತು. ದಪ್ಪ ಹಲಗೆ ಅಲುಗಲಿಲ್ಲ. ಹೆಸರು ಹಿಡಿದು ಕರೆದಳು. ಏನೂ ಇಲ್ಲ. ರೇಡಿಯೋದಲ್ಲಿ ಪೊಲೀಸರಿಗೆ ಜಾಗ ಹೇಳಿದಳು. ಕೊಡಲಿ ತನ್ನಿ, ವೈದ್ಯರನ್ನು ಕರೆತನ್ನಿ ಅಂದಳು. ಕಾಡುದಾರಿಯ ತಿರುವಿನಲ್ಲಿದ್ದೇವೆ, ಗಾಡಿ ಹೂತಿದೆ, ನಡೆದು ಬರುತ್ತಿದ್ದೇವೆ ಎಂದು ಆ ಕಡೆಯವರು ಹೇಳಿದರು. ಕಿಟಕಿಯ ಹಲಗೆ ಕೀಳಲು ಏನಾದರೂ ಸಿಗುತ್ತದೇನೋ ಎಂದು ಟೂಲಿಕ್ಕಿ ಪಕ್ಕದಲ್ಲಿದ್ದ ದೋಣಿ ಕೊಟ್ಟಿಗೆಯ ಕಡೆಗೆ ಹೊರಟವಳು ತಿರುಗಿ ಸೈಮಿಯ ಹೆಗಲು ಹಿಡಿದಳು.

"ನನ್ನ ದನಿ ಅವನಿಗೆ ಯಾರದೋ," ಅಂದಳು. "ನೀನು ಮಾತಾಡು. ಏನಾದ್ರೂ ಸರಿ, ಬಿಡದೆ ಮಾತಾಡು."

ಸೈಮಿ ಬಾಗಿಲಿಗೆ ಎರಡೂ ಅಂಗೈ ಊರಿ ನಿಂತಳು. ಮರ ಮಂಜಿನಷ್ಟೇ ತಣ್ಣಗಿತ್ತು. ನಾಲಗೆ ಎಂದಿನ ಹಾಗೆ ಅಂಟಿಕೊಂಡಿತು. ಹಿಂದಿನಿಂದ ಯಾರೂ ನಗುತ್ತಿರಲಿಲ್ಲ, ನಾಯಿ ಮಾತ್ರ ಅವಳ ಕಾಲಿಗೊರಗಿ ಕೂತಿತ್ತು. ಅವಳು ಕಾಫಿ ಆರಿಹೋಯಿತು ಎಂದು ಶುರು ಮಾಡಿದಳು. ಅಜ್ಜಿ ಓಡಿದಳು ಕಣೋ, ನಿಜವಾಗಲೂ ಓಡಿದಳು, ಉಂಡೆಯೆಲ್ಲ ಬಿಚ್ಚಿ ಮನೆ ತುಂಬ ಹರಡಿದಳು ಎಂದಳು. ನೀನು ಕಿಟಕಿಯ ಕಡೆ ತಿರುಗಿದ್ದನ್ನು ನಾನು ನೋಡಿದೆ, ನೋಡಿಯೂ ಕೇಳಲಿಲ್ಲ, ಈಗ ಕೇಳುತ್ತೇನೆ ಎಂದಳು. ಏನು ಕಳೆದುಕೊಂಡಿದ್ದೀಯೋ ನನಗೆ ಗೊತ್ತಿಲ್ಲ, ಹೇಳದಿದ್ದರೂ ಬೇಡ, ಸುಮ್ಮನೆ ಪಕ್ಕದಲ್ಲಿ ಕೂತಿರುತ್ತೇನೆ, ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ ಎಂದಳು. ಇಡೀ ವರ್ಷದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಅವಳ ಬಾಯಿಂದ ಬಂತು. ಒಂದೊಂದು ಮಾತಿನ ಕೊನೆಗೂ ಕಿವಿಯನ್ನು ಹಲಗೆಗೆ ಒತ್ತಿ ಕಾದಳು. ದೋಣಿ ಕೊಟ್ಟಿಗೆಯ ಕಡೆ ಟೂಲಿಕ್ಕಿ ಏನನ್ನೋ ಕೀಳುವ ಸದ್ದು, ಗಾಳಿಯ ಸದ್ದು. ಬಾಗಿಲ ಆಚೆಯಿಂದ ಏನೂ ಇಲ್ಲ.

ಕೊನೆಗೆ ಹೇಳಲು ಒಂದೇ ಉಳಿಯಿತು. ಅದನ್ನು ಅವಳು ಕೂಗಲಿಲ್ಲ, ಅಳಲಿಲ್ಲ. ಮನೆಯಲ್ಲಿ ಕಟ್ಟಿಗೆ ಹೊತ್ತು ಬಂದು ಎರಡೂ ಕೈ ತುಂಬಿರುವಾಗ ಕೇಳುವ ಹಾಗೆ ಕೇಳಿದಳು.

"ಯಾಲ್ಮಾರಿ, ನಾನು ಸೈಮಿ. ಚಿಲಕ ತೆಗಿ."